ಬದಲಿಸುವ ಮೊದಲು ಅಳೆಯೋಣ: ಹಳೇ ಕಾರಿನ ಹೀಟರ್ ಫ್ಯಾನ್ ಹೇಳುವ ಪಾಠ

ನಮ್ಮ ಕಡೆ ಕರೆಂಟಿನ ಸಾಮಾನು ಯಾವುದೇ ಕೆಡಲಿ, ರೋಗಕ್ಕೆ ಒಂದೇ ಹೆಸರು: "ಶಾರ್ಟ್ ಆಗಿದೆ". ಹಾಸ್ಟೆಲ್ ರೂಮಿನ ಫ್ಯಾನ್ ನಿಂತರೆ ಶಾರ್ಟ್, ಬೈಕಿನ ಹಾರ್ನ್ ಕೂಗದಿದ್ದರೆ ಶಾರ್ಟ್, ಲ್ಯಾಬಿನ ಪವರ್ ಸಪ್ಲೈ ಸತ್ತರೂ ಶಾರ್ಟ್. ಔಷಧವೂ ಒಂದೇ: "ಚೇಂಜ್ ಮಾಡಿ". ಗ್ಯಾರೇಜಿನವರು ಹೀಗೆ ಮಾತಾಡಿದರೆ ಅರ್ಥ ಮಾಡ್ಕೋಬಹುದು, ಅದಕ್ಕೆ ಕಾರಣ ಇದೆ, ಮುಂದೆ ಹೇಳ್ತೀನಿ. ಆದರೆ ಓಮ್‌ನ ನಿಯಮ, ಕಿರ್ಚಾಫ್ ನಿಯಮ, ಥೆವೆನಿನ್ ಪ್ರಮೇಯ ಎಲ್ಲ ಬರೆದು ಪಾಸಾಗಿರೋ ನಾವೂ ಹಾಗೇ ಮಾತಾಡ್ತೀವಲ್ಲ, ಅದು ನನಗೆ ಸರಿ ಕಾಣಲ್ಲ.

ಈ ಲೇಖನದ ವಾದ ಇಷ್ಟೇ. ದೋಷ ಹುಡುಕುವುದು ಅದೃಷ್ಟವೂ ಅಲ್ಲ, ಬರೀ ಅನುಭವವೂ ಅಲ್ಲ. ಅದೊಂದು ಕಲಿಯಬಹುದಾದ, ಕಲಿಸಬಹುದಾದ ವಿದ್ಯೆ. ನಾಲ್ಕು ವರ್ಷದ ಎಂಜಿನಿಯರಿಂಗ್‌ನಲ್ಲಿ ಅದಕ್ಕೆ ಅಂತ ಒಂದು ಗಂಟೆಯೂ ಮೀಸಲಿಲ್ಲ. ಅದನ್ನು ಮೀಸಲಿಡಬೇಕು, ಲ್ಯಾಬ್‌ನಲ್ಲೇ ಇಡಬೇಕು. ಯಾಕೆ ಅಂತ ತೋರಿಸೋಕೆ ನಾನು ಆರಿಸಿಕೊಂಡಿರೋದು ಬಹಳ ಸಾಧಾರಣ ಸಾಮಾನು: ಇಪ್ಪತ್ತು ವರ್ಷ ಹಳೆಯ ಕಾರಿನ ಹೀಟರ್ ಫ್ಯಾನ್, ಅಂದರೆ ಬ್ಲೋವರ್.

ನಮ್ಮೂರಲ್ಲಿ ಹೀಟರ್ ಯಾರಿಗೆ ಬೇಕು?

ನ್ಯಾಯವಾದ ಪ್ರಶ್ನೆ. ಕಲಬುರಗಿಯಲ್ಲಿ ಮೇ ತಿಂಗಳಲ್ಲಿ ಕಾರಿಗೆ ಹೀಟರ್ ಬೇಕು ಅಂದರೆ ಜನ ನಗ್ತಾರೆ. ಆದರೆ ಎ.ಸಿ.ಗೂ ಹೀಟರಿಗೂ ಇರೋದು ಒಂದೇ ಬ್ಲೋವರ್. ಡ್ಯಾಶ್‌ಬೋರ್ಡ್ ಒಳಗೆ ಕೂತಿರೋ ಈ ಫ್ಯಾನ್ ಗಾಳಿ ತಳ್ಳುತ್ತೆ. ಆ ಗಾಳಿ ತಣ್ಣನೆಯ ಎವಾಪರೇಟರ್ ಮೂಲಕ ಹೋದರೆ ಎ.ಸಿ., ಎಂಜಿನ್‌ನ ಬಿಸಿ ಕೂಲೆಂಟ್ ಹರಿಯೋ ಪುಟ್ಟ ರೇಡಿಯೇಟರ್ ಮೂಲಕ ಹೋದರೆ ಹೀಟರ್.

ಜುಲೈಯಲ್ಲಿ ಚಾರ್ಮಾಡಿ ಘಾಟಿನಲ್ಲೋ ಆಗುಂಬೆಯಲ್ಲೋ ಕಾರು ಓಡಿಸಿದವರಿಗೆ ಬೇರೆ ಹೇಳಬೇಕಿಲ್ಲ. ಹೊರಗೆ ಮಳೆ, ಗಾಜು ತಣ್ಣಗಿದೆ. ಒಳಗೆ ನಾಲ್ಕು ಜನರ ಉಸಿರು, ಒದ್ದೆ ಬಟ್ಟೆ, ಒದ್ದೆ ಚಪ್ಪಲಿ. ನಾಲ್ಕು ನಿಮಿಷದಲ್ಲಿ ಮುಂದಿನ ಗಾಜಿನ ಒಳಮೈ ಪೂರ್ತಿ ಮಂಜು. ಕೈಯಲ್ಲಿ ಒರೆಸಿದರೆ ಒಂದು ತಿರುವಿನಷ್ಟು ಹೊತ್ತು ಸರಿಯಿರುತ್ತೆ, ಮತ್ತೆ ಅದೇ. ಗಾಜಿನ ಮೇಲೆ ಬಿಸಿಯಾದ ಅಥವಾ ಒಣಗಿದ ಗಾಳಿ ಬಿಟ್ಟರೆ ಮಾತ್ರ ಅದು ಹೋಗೋದು. ಅಲ್ಲಿ ಬ್ಲೋವರ್ ಸೌಕರ್ಯದ ಸಾಮಾನಲ್ಲ, ವೈಪರ್‌ನಷ್ಟೇ ಮುಖ್ಯ. ಮಲೆನಾಡಿನಿಂದ ಬಂದ ಗೆಳೆಯರಿಗೆ ಇದು ಚೆನ್ನಾಗಿ ಗೊತ್ತು.

ಸರ್ಕ್ಯೂಟ್ ಎಷ್ಟು ಸರಳ ಅಂದರೆ

ಹಳೇ ಕಾರಿನ ಬ್ಲೋವರ್ ಸರ್ಕ್ಯೂಟ್‌ನಲ್ಲಿ ಇರೋದು ಇಷ್ಟು: 12 ವೋಲ್ಟ್ ಬ್ಯಾಟರಿ, ಒಂದು ಫ್ಯೂಸ್, ಹೆಚ್ಚಿನ ಕಾರುಗಳಲ್ಲಿ ಒಂದು ರಿಲೇ, ಬ್ರಷ್ ಇರೋ ಡಿ.ಸಿ. ಮೋಟರ್, ಒಂದು ರೆಸಿಸ್ಟರ್ ಪ್ಯಾಕ್, ನಾಲ್ಕು ಸ್ಪೀಡಿನ ಸ್ವಿಚ್, ಕೊನೆಗೆ ಬಾಡಿಗೆ ಅರ್ತ್. ಮೈಕ್ರೋಕಂಟ್ರೋಲರ್ ಇಲ್ಲ, ಕೋಡ್ ಇಲ್ಲ. ಮೊದಲ ವರ್ಷದ ಪರೀಕ್ಷೆಯಲ್ಲಿ ಐದು ಮಾರ್ಕಿಗೆ ಕೇಳಬಹುದಾದ ಸೀರೀಸ್ ಸರ್ಕ್ಯೂಟ್.

ರೆಸಿಸ್ಟರ್ ಪ್ಯಾಕ್ ಅಂದರೆ ಸಾಲಾಗಿ ಜೋಡಿಸಿದ ಎರಡು ಮೂರು ಸುರುಳಿ. ಒಂದನೇ ಸ್ಪೀಡಿನಲ್ಲಿ ಕರೆಂಟ್ ಎಲ್ಲ ಸುರುಳಿಗಳ ಮೂಲಕ ಹೋಗಬೇಕು. ಎರಡನೇದರಲ್ಲಿ ಒಂದು ಸುರುಳಿ ಬಿಟ್ಟು, ಮೂರನೇದರಲ್ಲಿ ಇನ್ನೊಂದು ಬಿಟ್ಟು. ನಾಲ್ಕನೇದರಲ್ಲಿ ಪ್ಯಾಕನ್ನೇ ಬಿಟ್ಟು ನೇರವಾಗಿ. ಸುರುಳಿ ಚೆನ್ನಾಗಿ ಕಾಯುತ್ತೆ, ಅದಕ್ಕೇ ಅದನ್ನ ಬ್ಲೋವರಿನ ಗಾಳಿ ಹೋಗೋ ದಾರಿಯಲ್ಲೇ ಕೂರಿಸಿರ್ತಾರೆ. ಫ್ಯಾನ್ ತಾನೇ ತನ್ನ ರೆಸಿಸ್ಟರನ್ನ ತಣ್ಣಗಿಡುತ್ತೆ. ಗಾಳಿ ನಿಂತರೆ ಸುರುಳಿ ಕೆಂಪಾಗದಿರಲಿ ಅಂತ ಜೊತೆಗೊಂದು ಥರ್ಮಲ್ ಫ್ಯೂಸ್ ಇಡೋದೂ ಉಂಟು.

ಇಷ್ಟು ಗೊತ್ತಿದ್ದರೆ, ಇನ್ನೂ ಒಂದು ಸ್ಕ್ರೂ ಬಿಚ್ಚದೆ, ಸ್ವಿಚ್ ತಿರುಗಿಸಿ ನೋಡಿಯೇ ಅರ್ಧ ಕೆಲಸ ಮುಗಿಸಬಹುದು.

ನಾಲ್ಕನೇ ಸ್ಪೀಡ್ ಮಾತ್ರ ಓಡ್ತಿದೆ, ಉಳಿದ ಮೂರೂ ಇಲ್ಲ. ಅಂದರೆ ಬ್ಯಾಟರಿ, ಫ್ಯೂಸ್, ಮೋಟರ್, ಅರ್ತ್ ಎಲ್ಲ ಸರಿ. ಮೂರಕ್ಕೂ ಬೇಕಾಗಿ ನಾಲ್ಕಕ್ಕೆ ಬೇಡದ ಭಾಗ ಒಂದೇ: ರೆಸಿಸ್ಟರ್ ಪ್ಯಾಕ್. ಅದರ ಕೊನೆಯ ಸುರುಳಿಯೋ ಥರ್ಮಲ್ ಫ್ಯೂಸೋ ಕಡಿದಿದೆ, ಇಲ್ಲವಾದರೆ ಪ್ಯಾಕಿನ ಸಾಕೆಟ್ ಸುಟ್ಟಿದೆ.

ಈಗ ಒಂದು ಸಣ್ಣ ಒಗಟು. 1, 3, 4 ಓಡ್ತಿವೆ, 2 ಮಾತ್ರ ಇಲ್ಲ. ರೆಸಿಸ್ಟರ್ ಪ್ಯಾಕ್ ಬದಲಿಸೋಣವೇ? ಬೇಡ. ಒಂದನೇ ಸ್ಪೀಡಿನ ಕರೆಂಟ್ ಎಲ್ಲ ಸುರುಳಿಗಳನ್ನೂ ದಾಟಿಯೇ ಬರಬೇಕು. ಅದು ಬರ್ತಿದೆ ಅಂದರೆ ಸುರುಳಿಗಳೆಲ್ಲ ಗಟ್ಟಿ. ಉಳಿದಿದ್ದು ಸ್ವಿಚ್‌ನಲ್ಲಿ ಎರಡನೇ ಸ್ಪೀಡಿನ ಕಾಂಟ್ಯಾಕ್ಟ್, ಅಲ್ಲಿಂದ ಪ್ಯಾಕಿಗೆ ಹೋಗೋ ಒಂದು ವೈರ್, ಅದರ ಪಿನ್. ಹೊಸ ಪ್ಯಾಕ್ ಹಾಕಿದರೆ ದುಡ್ಡು ಹೋಗುತ್ತೆ, ಎರಡನೇ ಸ್ಪೀಡ್ ಬರಲ್ಲ.

ಯಾವುದೂ ಓಡದಿದ್ದರೆ ನಾಲ್ಕಕ್ಕೂ ಸಾಮಾನ್ಯವಾದ ದಾರಿಯನ್ನ ನೋಡಬೇಕು: ಫ್ಯೂಸ್, ರಿಲೇ, ಮೋಟರ್, ಅರ್ತ್. ಮೋಟರ್ ಮೇಲೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ಒಮ್ಮೆ ತಿರುಗಿ ಮತ್ತೆ ನಿಂತರೆ ಬ್ರಷ್ ಸವೆದಿದೆ ಅನ್ನೋ ಅನುಮಾನ ಬಲವಾಗುತ್ತೆ.

ಇದರಲ್ಲಿ ಯಾವ ಗುಟ್ಟೂ ಇಲ್ಲ. ಯಾವುದು ಓಡ್ತಿದೆಯೋ ಅದೂ ಒಂದು ಸಾಕ್ಷಿ. ನಾವು ಕೆಟ್ಟಿದ್ದನ್ನೇ ದಿಟ್ಟಿಸ್ತೀವಿ, ಸರಿ ಇರೋದು ಏನು ಹೇಳ್ತಿದೆ ಅಂತ ಕೇಳಲ್ಲ.

"ಕರೆಂಟ್ ಬರ್ತಿದೆ" ಅನ್ನೋ ಸುಳ್ಳು

ನಿಜವಾಗಿ ಕಷ್ಟ ಕೊಡೋದು ಪೂರ್ತಿ ಸತ್ತ ಫ್ಯಾನ್ ಅಲ್ಲ, ಅರ್ಧ ಜೀವ ಇರೋದು. ಎಲ್ಲ ಸ್ಪೀಡಿನಲ್ಲೂ ನಿಧಾನ, ಅಥವಾ ಕೆಲವೊಮ್ಮೆ ಓಡುತ್ತೆ, ಕೆಲವೊಮ್ಮೆ ಇಲ್ಲ. ಆಗ ಮಲ್ಟಿಮೀಟರ್ ಹೊರಗೆ ಬರುತ್ತೆ. ಮೋಟರಿನ ಸಾಕೆಟ್ ಕಿತ್ತು, ವೈರಿಗೆ ಒಂದು ಪ್ರೋಬ್, ಬಾಡಿಗೆ ಇನ್ನೊಂದು. ಮೀಟರ್ 12.4 ತೋರಿಸುತ್ತೆ. "ಕರೆಂಟ್ ಬರ್ತಿದೆ, ಮೋಟರ್ ಹೋಗಿದೆ" ಅನ್ನೋ ತೀರ್ಪು ಬೀಳುತ್ತೆ.

ಇಲ್ಲಿ ಬರ್ತಿರೋದು ಕರೆಂಟ್ ಅಲ್ಲ. ಡಿಜಿಟಲ್ ಮೀಟರಿನ ಇನ್‌ಪುಟ್ ರೋಧ ಸಾಮಾನ್ಯವಾಗಿ 10 ಮೆಗಾಓಮ್. ಅದು ಎಳೆಯೋದು ಸುಮಾರು ಒಂದು ಮೈಕ್ರೋ ಆಂಪಿಯರ್. ವೈರಿನ ಇಪ್ಪತ್ತು ಎಳೆಯಲ್ಲಿ ಹತ್ತೊಂಬತ್ತು ಕಡಿದು ಒಂದೇ ಉಳಿದಿದ್ದರೂ, ಪಿನ್ನಿಗೆ ಹಸಿರು ಕಿಲುಬು ಹಿಡಿದಿದ್ದರೂ, ಅಷ್ಟು ಸಣ್ಣ ಕರೆಂಟಿಗೆ ಏನೂ ತೊಂದರೆಯಿಲ್ಲ. ಮೀಟರ್ ನೆಮ್ಮದಿಯಿಂದ 12.4 ಅನ್ನುತ್ತೆ. ಆದರೆ ಬ್ಲೋವರಿಗೆ ಬೇಕಾಗಿರೋದು ಹತ್ತು ಆಂಪಿಯರ್ ಆಸುಪಾಸು, ಅಂದರೆ ಮೀಟರ್ ಕೇಳಿದ್ದಕ್ಕಿಂತ ಸುಮಾರು ಒಂದು ಕೋಟಿ ಪಟ್ಟು. ಲೋಡ್ ಇಲ್ಲದೆ ಅಳೆದ ವೋಲ್ಟೇಜ್, ಪರೀಕ್ಷೆ ಇಲ್ಲದ ದಿನ ಎಲ್ಲ ಸಿಲಬಸ್ ಗೊತ್ತಿರೋ ಹಾಗೆ ಕಾಣೋ ನಮ್ಮ ತಲೆಯ ಥರ.

"ಹಾಗಾದರೆ ರೋಧವನ್ನೇ ಅಳೆಯೋಣ" ಅಂತೀರಾ? ಅದೂ ಆಗಲ್ಲ. ಕಡಿಮೆ ಬೆಲೆಯ ಮೀಟರಿನ ಎರಡು ಪ್ರೋಬ್ ಒಂದಕ್ಕೊಂದು ತಾಗಿಸಿದರೇ 0.3ರಿಂದ 0.5 ಓಮ್ ತೋರಿಸುತ್ತೆ. ನಾವು ಹುಡುಕ್ತಿರೋ ದೋಷವೂ ಅಷ್ಟೇ ದೊಡ್ಡದು. ಬೆಕ್ಕಿನ ತೂಕ ನೋಡೋಕೆ ಲಾರಿ ತೂಗೋ ವೇಬ್ರಿಡ್ಜ್ ಮೇಲೆ ನಿಲ್ಲಿಸಿದ ಹಾಗೆ.

ಇದಕ್ಕೆ ಬೀದಿಯ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಇರೋ ಉತ್ತರ ನೋಡಿ: ಇಂಡಿಕೇಟರ್ ಬಲ್ಬಿಗೆ ಎರಡು ವೈರ್ ಬೆಸೆದ ಟೆಸ್ಟ್ ಲ್ಯಾಂಪ್. 21 ವ್ಯಾಟ್ ಬಲ್ಬ್ 12 ವೋಲ್ಟಿನಲ್ಲಿ ಎಳೆಯೋದು 1.75 ಆಂಪಿಯರ್. ಕಿಲುಬು ಹಿಡಿದ ಪಿನ್ನಾದರೆ, ಬಲ್ಬ್ ಮಂಕಾಗಿ ಗುಟ್ಟು ಹೇಳಿಬಿಡುತ್ತೆ. ಆತ ಥೆವೆನಿನ್ ಹೆಸರು ಕೇಳಿರಲಿಕ್ಕಿಲ್ಲ. ಆದರೆ ಮೂಲದ ಒಳರೋಧ ತಿಳಿಯಬೇಕಾದರೆ ಅದಕ್ಕೆ ಲೋಡ್ ಹಾಕಿ ನೋಡಬೇಕು ಅನ್ನೋದನ್ನ ದಿನವೂ ಮಾಡ್ತಿದ್ದಾನೆ. ಪ್ರಮೇಯವನ್ನ ನಾವು ಬರೆದ್ವಿ, ಬಳಸಿದ್ದು ಆತ. (ಒಂದು ಎಚ್ಚರಿಕೆ: ಈ ಬಲ್ಬನ್ನ ಏರ್‌ಬ್ಯಾಗ್ ವೈರಿಗೆ, ಇ.ಸಿ.ಯು. ವೈರಿಗೆ ಯಾವ ಕಾರಣಕ್ಕೂ ತಾಗಿಸಬೇಡಿ.)

"ವಿಭವಾಂತರ"ದೊಳಗಿನ ಅಂತರ

ಕನ್ನಡ ಮಾಧ್ಯಮದಲ್ಲಿ ಹತ್ತನೇ ಕ್ಲಾಸ್ ಓದಿದವರಿಗೆ ನೆನಪಿರುತ್ತೆ, ಪೊಟೆನ್ಷಿಯಲ್ ಡಿಫರೆನ್ಸ್‌ಗೆ ನಮ್ಮ ಪುಸ್ತಕದಲ್ಲಿ ಇದ್ದ ಪದ ವಿಭವಾಂತರ. ಇಂಗ್ಲಿಷಿಗೆ ಬಂದ ಮೇಲೆ ಅದು ಬರೀ "ವೋಲ್ಟೇಜ್" ಆಗಿ, "ಇಲ್ಲಿ ವೋಲ್ಟೇಜ್ ಎಷ್ಟಿದೆ" ಅಂತ ಒಂದೇ ಬಿಂದುವಿನ ಬಗ್ಗೆ ಕೇಳೋ ಅಭ್ಯಾಸ ಆಗಿಹೋಯ್ತು. ವಿಭವಾಂತರ ಅಂದರೆ ಹಾಗೆ ಕೇಳೋಕೇ ಆಗಲ್ಲ. ಅಂತರ ಅಂದ ಮೇಲೆ ಎಲ್ಲಿಂದ ಎಲ್ಲಿಗೆ ಅಂತ ಹೇಳಲೇಬೇಕು.

ದೋಷ ಹುಡುಕೋ ವಿದ್ಯೆಯ ತಿರುಳು ಇದೇ. ಫ್ಯಾನ್ ಓಡ್ತಿರುವಾಗಲೇ, ಸಾಕೆಟ್ ಕೀಳದೆ, ವೈರಿನ ಈ ತುದಿಗೆ ಒಂದು ಪ್ರೋಬ್, ಆ ತುದಿಗೆ ಇನ್ನೊಂದು. ಒಳ್ಳೆ ವೈರ್ ಆದರೆ ಅಂತರ ಹತ್ತಿರ ಹತ್ತಿರ ಸೊನ್ನೆ. ಎಲ್ಲಿ ಅಂತರ ಇರಬಾರದೋ ಅಲ್ಲಿ ಅಂತರ ಕಂಡರೆ ಕಳ್ಳ ಅಲ್ಲೇ ಇದ್ದಾನೆ. ಗ್ಯಾರೇಜಿನ ಇಂಗ್ಲಿಷಿನಲ್ಲಿ ಇದಕ್ಕೆ ವೋಲ್ಟೇಜ್ ಡ್ರಾಪ್ ಟೆಸ್ಟ್ ಅಂತಾರೆ.

ಒಂದು ನಿಜವಾದ ಉದಾಹರಣೆ. ಮಲೆನಾಡಿನ ಗೆಳೆಯನೊಬ್ಬನ ಮನೆಯ 2004ರ ಹ್ಯಾಚ್‌ಬ್ಯಾಕ್. ಬ್ಲೋವರ್ ನಾಲ್ಕನೇ ಸ್ಪೀಡಿನಲ್ಲೂ ಮೊದಲಿನ ಎರಡನೇ ಸ್ಪೀಡಿನಷ್ಟೇ ಗಾಳಿ ಕೊಡ್ತಿತ್ತು. ಗ್ಯಾರೇಜಿನಲ್ಲಿ ಸಾಕೆಟ್ ಕಿತ್ತು ಮೀಟರ್ ಹಿಡಿದರು, "ಕರೆಂಟ್ ಫುಲ್ ಇದೆ, ಮೋಟರ್ ಚೇಂಜ್ ಮಾಡ್ಬೇಕು ಸಾರ್" ಅಂದರು. ಮೋಟರ್, ಲೇಬರ್ ಸೇರಿ ನಾಲ್ಕು ಸಾವಿರದ ಹತ್ತಿರ. ಮನೆಯವರು ಮಳೆಗಾಲ ಬಂತಲ್ಲ ಅಂತ ಒಪ್ಪಿಕೊಳ್ಳೋಕೆ ತಯಾರಾಗಿದ್ರು. ಅದಕ್ಕೆ ಮುಂಚೆ ಒಂದು ಭಾನುವಾರ ನಾವಿಬ್ಬರು ಮೀಟರ್ ಹಿಡಿದು ಕೂತ್ವಿ.

ಎಂಜಿನ್ ಆಫ್, ಇಗ್ನಿಷನ್ ಆನ್, ಬ್ಲೋವರ್ ನಾಲ್ಕರಲ್ಲಿ. ಬ್ಯಾಟರಿಯ ಎರಡು ತುದಿ ನಡುವೆ 12.2 ವೋಲ್ಟ್. ಮೋಟರಿನ ಎರಡು ಪಿನ್ ನಡುವೆ 8.9. ಅಂದರೆ 3.3 ವೋಲ್ಟ್ ದಾರಿಯಲ್ಲೇ ಕಳೆದುಹೋಗ್ತಿದೆ. ಮೋಟರಿಗೆ ಊಟವೇ ಸರಿಯಾಗಿ ಸಿಗ್ತಿಲ್ಲ, ಅದನ್ನ ಬೈದು ಏನು ಪ್ರಯೋಜನ? ಇನ್ನು ಉಳಿದಿದ್ದು ಆ 3.3 ಎಲ್ಲಿ ಸೋರ್ತಿದೆ ಅನ್ನೋ ಲೆಕ್ಕ. ಬ್ಯಾಟರಿ ಪ್ಲಸ್‌ನಿಂದ ಮೋಟರ್ ಪ್ಲಸ್‌ವರೆಗೆ 0.3, ಪರವಾಗಿಲ್ಲ. ಮೋಟರ್ ಮೈನಸ್‌ನಿಂದ ಸ್ವಿಚ್ ಸಾಕೆಟ್‌ವರೆಗೆ 0.1. ಸ್ವಿಚ್‌ನಿಂದಾಚೆ ಬಾಡಿ ದಾಟಿ ಬ್ಯಾಟರಿ ಮೈನಸ್‌ವರೆಗೆ 0.1. ಸಾಕೆಟ್ಟಿನ ವೈರಿಗೂ ಸ್ವಿಚ್ಚಿನ ಪಿನ್ನಿಗೂ ನಡುವೆ, ಒಂದು ಸೆಂಟಿಮೀಟರ್ ದೂರದಲ್ಲಿ, 2.8 ವೋಲ್ಟ್. ಕೂಡಿಸಿ ನೋಡಿ, ಸರಿಯಾಗಿ 3.3 ಬರುತ್ತೆ. ಕಿರ್ಚಾಫ್ ಎಂದೂ ಮೋಸ ಮಾಡಲ್ಲ.

ಡಿ.ಸಿ. ಕ್ಲ್ಯಾಂಪ್ ಮೀಟರಿನಲ್ಲಿ ಕರೆಂಟ್ 7.5 ಆಂಪಿಯರ್. 2.8ನ್ನ 7.5ರಿಂದ ಗುಣಿಸಿದರೆ 21 ವ್ಯಾಟ್. ನಮ್ಮ ಲ್ಯಾಬಿನ ಬೆಸುಗೆ ಕಡ್ಡಿ 25 ವ್ಯಾಟಿನದು. ಅಂದರೆ ಡ್ಯಾಶ್‌ಬೋರ್ಡ್ ಒಳಗೆ, ಪ್ಲಾಸ್ಟಿಕ್ ಸಾಕೆಟ್‌ನಲ್ಲಿ, ಹೆಚ್ಚು ಕಡಿಮೆ ಒಂದು ಬೆಸುಗೆ ಕಡ್ಡಿ ಹಚ್ಚಿಟ್ಟ ಹಾಗೆ. ಬಿಚ್ಚಿ ನೋಡಿದರೆ ಆ ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿ ಕರಗಿತ್ತು. ಸ್ವಿಚ್ಚಿನ ಕಡೆಯ ಪಿನ್ ಉಜ್ಜಿ ಚೊಕ್ಕ ಮಾಡಿ, ವೈರ್ ಕಡೆಯ ಟರ್ಮಿನಲ್ ಕತ್ತರಿಸಿ, ಸರಿಯಾದ ಅಳತೆಯ ಹೊಸದನ್ನ ಕ್ರಿಂಪ್ ಮಾಡಿ, ಹೊಸ ಸಾಕೆಟ್ ಹಾಕಿದ ಮೇಲೆ ಮೋಟರಿನ ಪಿನ್ ನಡುವೆ 11.7 ವೋಲ್ಟ್, ಕರೆಂಟ್ 11 ಆಂಪಿಯರ್. ಗಾಳಿ ಗಾಜಿನ ತುದಿವರೆಗೆ ಹೋಗ್ತಿತ್ತು.

ನಾಲ್ಕು ಸಾವಿರ ಉಳಿಯಿತು ಅನ್ನೋದು ಸಣ್ಣ ವಿಷಯ. ಮೋಟರ್ ಬದಲಿಸಿದ್ದರೆ ಏನಾಗ್ತಿತ್ತು ಯೋಚಿಸಿ. ಹೊಸ ಮೋಟರೂ ಅದೇ ಸೊರಗಿದ ಪಿನ್ ಮೂಲಕವೇ ಕರೆಂಟ್ ಎಳೀತಿತ್ತು. ಪಿನ್ ಕಾದಷ್ಟೂ ಅದರ ಸ್ಪ್ರಿಂಗ್ ಹಿಡಿತ ಸಡಿಲ, ಸಡಿಲವಾದಷ್ಟೂ ರೋಧ ಹೆಚ್ಚು, ರೋಧ ಹೆಚ್ಚಿದಷ್ಟೂ ಕಾವು ಹೆಚ್ಚು. ಇದು ನಿಲ್ಲೋದು ಎಲ್ಲಿ? ಫ್ಯೂಸ್ ಕಾಪಾಡಲ್ಲ, ಯಾಕಂದರೆ ಕರೆಂಟ್ ಹೆಚ್ಚಾಗಿಲ್ಲ, ಕಡಿಮೆಯಾಗಿದೆ! ಫ್ಯೂಸಿಗೆ ಕಾಣೋದು ಕರೆಂಟ್ ಮಾತ್ರ, ಕಾವು ಕಾಣಲ್ಲ. ಕಾರಿನೊಳಗೆ ಸುಟ್ಟ ವಾಸನೆ ಬಂದ ಮೇಲೆ "ಶಾರ್ಟ್ ಆಗಿತ್ತು" ಅಂತ ಹೇಳಿ ಕೈ ತೊಳೆದುಕೊಳ್ಳೋ ಎಷ್ಟೋ ಘಟನೆಗಳಲ್ಲಿ ಶಾರ್ಟೇ ಆಗಿರೋದಿಲ್ಲ.

ಮೂರು ರೋಗ, ಮೂರು ಹೆಸರು

ಅದಕ್ಕೇ ಪದಗಳ ಬಗ್ಗೆ ನನಗೆ ಹಠ. ವೈರ್ ತುಂಡಾಗೋದು ಬೇರೆ, ತಾಗಬಾರದ ಕಡೆ ತಾಗೋದು ಬೇರೆ, ಕಾಂಟ್ಯಾಕ್ಟ್ ಸಡಿಲವಾಗಿ ಸೊರಗೋದು ಬೇರೆ. ತುಂಡಾದರೆ ಕರೆಂಟ್ ಸೊನ್ನೆ. ತಾಗಿದರೆ ಕರೆಂಟ್ ಮಿತಿಮೀರಿ ಫ್ಯೂಸ್ ಹಾರುತ್ತೆ. ಸಡಿಲವಾದರೆ ಕರೆಂಟ್ ಕಡಿಮೆ, ಕಾವು ಹೆಚ್ಚು, ಫ್ಯೂಸ್ ಸುಮ್ಮನಿರುತ್ತೆ. ತುಂಡು, ತಾಗು, ಸಡಿಲ. ಮೂರೂ ದಿನಬಳಕೆಯ ಕನ್ನಡ ಪದಗಳು, ಅಜ್ಜಿಗೂ ಅರ್ಥವಾಗುತ್ತೆ. ಈ ಮೂರನ್ನೂ "ಶಾರ್ಟ್" ಅನ್ನೋ ಒಂದೇ ಚೀಲಕ್ಕೆ ತುಂಬಿದ ಕ್ಷಣವೇ ಯೋಚನೆ ನಿಂತುಹೋಗುತ್ತೆ. ಜ್ವರ, ಮೂಳೆಮುರಿತ, ಹೊಟ್ಟೆನೋವು ಮೂರಕ್ಕೂ "ಹುಷಾರಿಲ್ಲ" ಅಂತ ಬರೆದುಕೊಳ್ಳೋ ಡಾಕ್ಟರ್ ಹತ್ತಿರ ನೀವು ಹೋಗ್ತೀರಾ?

ಸರಿಯಾದ ಹೆಸರಿಗೆ ಎರಡೇ ಅಳತೆ ಸಾಕಾಗುತ್ತೆ: ಫ್ಯಾನ್ ಓಡ್ತಿರುವಾಗ ಮೋಟರಿನ ಪಿನ್ ನಡುವಿನ ವೋಲ್ಟೇಜ್, ಮತ್ತು ಕರೆಂಟ್. ಫ್ಯಾನ್ ನಿಧಾನ ಅಂತ ಇಟ್ಟುಕೊಳ್ಳಿ. ವೋಲ್ಟೇಜ್ ಕಡಿಮೆ, ಕರೆಂಟೂ ಕಡಿಮೆ ಅಂದರೆ ದಾರಿಯಲ್ಲಿ ಸಡಿಲ. ವೋಲ್ಟೇಜ್ ಪೂರ್ತಿ ಇದ್ದು ಕರೆಂಟ್ ಕಡಿಮೆ ಅಂದರೆ ಮೋಟರಿನ ಬ್ರಷ್ ಸವೆದಿದೆ. ವೋಲ್ಟೇಜ್ ಪೂರ್ತಿ ಇದ್ದು ಕರೆಂಟ್ ಹೆಚ್ಚು ಅಂದರೆ ಮೋಟರ್ ಜಗ್ಗಾಡ್ತಿದೆ: ಬೇರಿಂಗ್ ಒಣಗಿದೆ ಅಥವಾ ಏನೋ ಸಿಕ್ಕಿಹಾಕಿಕೊಂಡಿದೆ. ವೇಗ ಇಳಿದರೆ ಬ್ಯಾಕ್ ಇ.ಎಂ.ಎಫ್. ಇಳಿಯುತ್ತೆ, ಅದು ಇಳಿದರೆ ಕರೆಂಟ್ ಏರುತ್ತೆ. ಡಿ.ಸಿ. ಮಷೀನ್ಸ್ ಪಾಠದ ಮೊದಲ ಸಮೀಕರಣ ಇದು, ಹೊಸದೇನೂ ಅಲ್ಲ.

ಸಿಕ್ಕಿಹಾಕಿಕೊಳ್ಳೋದು ಏನು ಅಂತ ಕೇಳಬೇಡಿ. ಮರದಡಿ ನಿಲ್ಲಿಸಿದ ಕಾರಾದರೆ ವೈಪರ್ ಕೆಳಗಿನ ಜಾಲರಿಯಿಂದ ಇಳಿದ ಒಣ ಎಲೆ. ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಕಾರಾದರೆ ಇಲಿ ಗೂಡು. ಹತ್ತಿ, ಪೇಪರ್, ಅರ್ಧ ತಿಂದ ಕಡಲೆಕಾಯಿ ಸಿಪ್ಪೆ ಎಲ್ಲ ಬ್ಲೋವರ್ ಒಳಗೇ. ಜೊತೆಗೆ ವೈರನ್ನೂ ಕಡಿದಿದ್ದರೆ ತುಂಡು, ತಾಗು ಎರಡೂ ಒಟ್ಟಿಗೆ ಸಿಗುತ್ತೆ.

ಇಲ್ಲೇ ಇನ್ನೊಂದು ಮುಖ್ಯ ಪ್ರಶ್ನೆ ಇರೋದು: ಸುಟ್ಟಿದ್ದು ಸಿಕ್ಕಿತು, ಆದರೆ ಅದು ಯಾಕೆ ಸುಟ್ಟಿತು? ಜಗ್ಗಾಡೋ ಮೋಟರ್ ಹೆಚ್ಚು ಕರೆಂಟ್ ಎಳೆದು ರೆಸಿಸ್ಟರ್ ಪ್ಯಾಕನ್ನ ಕಾಯಿಸುತ್ತೆ. ಅದೇ ಹೊತ್ತಿಗೆ ಗಾಳಿ ಕಡಿಮೆಯಾಗಿ ಪ್ಯಾಕ್ ತಣಿಯೋದೂ ಇಲ್ಲ. ಥರ್ಮಲ್ ಫ್ಯೂಸ್ ಹೋಗುತ್ತೆ. ನೀವು ಪ್ಯಾಕ್ ಮಾತ್ರ ಬದಲಿಸಿದರೆ ಎರಡು ತಿಂಗಳಲ್ಲಿ ಅದೂ ಹೋಗುತ್ತೆ, ಆಗ "ಡೂಪ್ಲಿಕೇಟ್ ಪಾರ್ಟ್ ಕೊಟ್ಟ" ಅಂತ ಜೆ.ಸಿ. ರಸ್ತೆಯ ಅಂಗಡಿಯವನನ್ನ ಬೈತೀರಿ. ಮೇಲಿನ ಕಾರಿನಲ್ಲಿ ರಿಪೇರಿ ಆದ ಮೇಲೂ ಕರೆಂಟ್ ಅಳೆದಿದ್ದು ಇದೇ ಕಾರಣಕ್ಕೆ. 11 ಆಂಪಿಯರ್ ಸ್ಥಿರವಾಗಿತ್ತು, ಆದ್ದರಿಂದ ಮೋಟರ್ ನಿರಪರಾಧಿ, ಪಿನ್ ವಯಸ್ಸಾಗಿ ಸಡಿಲವಾಗಿದ್ದು ಅಂತ ತೀರ್ಮಾನಿಸಬಹುದಾಯ್ತು.

ಫ್ಯೂಸ್ ಪದೇ ಪದೇ ಹೋಗ್ತಿದೆ ಅಂತ 20 ಆಂಪಿಯರ್ ಜಾಗದಲ್ಲಿ 30 ಹಾಕೋರಿಗೆ, ಇನ್ನೂ ಧೈರ್ಯವಂತರಾಗಿ ತಾಮ್ರದ ಎಳೆ ಸುತ್ತೋರಿಗೆ ಒಂದೇ ಮಾತು. ಫ್ಯೂಸ್ ಇರೋದು ಮೋಟರನ್ನ ಕಾಯೋಕೆ ಅಲ್ಲ, ವೈರನ್ನ ಕಾಯೋಕೆ. ಅದನ್ನ ದಪ್ಪ ಮಾಡಿದರೆ ಇನ್ನು ಮೇಲೆ ಫ್ಯೂಸ್ ಕೆಲಸ ಮಾಡೋದು ಡ್ಯಾಶ್‌ಬೋರ್ಡ್ ಒಳಗಿನ ವೈರ್.

"ಇದೆಲ್ಲ ನಮಗ್ಯಾಕೆ?"

ಈ ವಾದ ಮಾಡಿದಾಗಲೆಲ್ಲ ಎದುರು ಮಾತು ಬಂದೇ ಬರುತ್ತೆ. ಅವು ಟೊಳ್ಳು ಮಾತುಗಳಲ್ಲ, ಆದ್ದರಿಂದ ಒಂದೊಂದಾಗಿ ನೋಡೋಣ.

ಮೊದಲನೇದು: ಮೆಕ್ಯಾನಿಕ್‌ಗೆ ಅಷ್ಟು ಟೈಮ್ ಎಲ್ಲಿದೆ? ನಿಜ, ಇಲ್ಲ. ಅದರಲ್ಲಿ ಅವನಿಗಿಂತ ನಮ್ಮ ಪಾಲೇ ಹೆಚ್ಚು. "ಏನೂ ಹಾಕಿಲ್ಲ, ಸುಮ್ನೆ ನೋಡಿದ್ದಕ್ಕೆ ಐನೂರಾ?" ಅಂತ ಜಗಳ ಆಡೋರು ನಾವೇ. ಹೊಸ ಮೋಟರ್ ಡಬ್ಬ ಕಣ್ಣಿಗೆ ಕಂಡರೆ ನಾಲ್ಕು ಸಾವಿರ ಕೊಡ್ತೀವಿ, ಒಂದು ಗಂಟೆ ಯೋಚಿಸಿ ಅಳೆದದ್ದಕ್ಕೆ ಕೊಡಲ್ಲ. ಪಾರ್ಟಿಗೆ ಮಾತ್ರ ದುಡ್ಡು, ಯೋಚನೆಗೆ ಇಲ್ಲ ಅಂದ ಮೇಲೆ ಜನ ಪಾರ್ಟ್ ಬದಲಿಸದೆ ಇನ್ನೇನು ಮಾಡ್ತಾರೆ? ಮೆಕ್ಯಾನಿಕ್‌ನ ಬೈಯೋ ಬದಲು ಅಳೆಯೋ ಕೆಲಸಕ್ಕೆ ಕೂಲಿ ಕೊಡೋದನ್ನ ಕಲಿಯೋಣ.

ಎರಡನೇದು: ಪಾರ್ಟ್ ಬದಲಿಸಿ ನೋಡೋದೂ ಒಂದು ಪರೀಕ್ಷೆಯೇ ಅಲ್ವಾ? ಕೆಲವೊಮ್ಮೆ ಹೌದು. ಬ್ಲೋವರ್ ರಿಲೇ ಮೇಲೆ ಅನುಮಾನ ಬಂದು, ಅದೇ ಬಾಕ್ಸಿನಲ್ಲಿ ಅದೇ ನಂಬರಿನ ಇನ್ನೊಂದು ರಿಲೇ ಇದ್ದರೆ, ಅದಲು ಬದಲು ಮಾಡೋದು ಅರ್ಧ ನಿಮಿಷದ, ಖರ್ಚಿಲ್ಲದ, ಉತ್ತಮ ಪ್ರಯೋಗ. ವ್ಯತ್ಯಾಸ ಇರೋದು ಇಲ್ಲಿ: ಬದಲಿಸುವ ಮುಂಚೆ "ದೋಷ ಇದರಲ್ಲೇ ಇದ್ದರೆ ಹೀಗಾಗಬೇಕು, ಇಲ್ಲದಿದ್ದರೆ ಹಾಗೆ" ಅಂತ ಹೇಳಿದ್ದೀರಾ? ಹೇಳಿದ್ದರೆ ಪ್ರಯೋಗ. ಇಲ್ಲದಿದ್ದರೆ ಲಾಟರಿ.

ಮೂರನೇದು: ಹೊಸ ಕಾರುಗಳಲ್ಲಿ ಎಲ್ಲ ಕಂಪ್ಯೂಟರ್, ಸ್ಕ್ಯಾನರ್ ಹಾಕಿದರೆ ಅದೇ ಹೇಳುತ್ತೆ. ಹೊಸ ಕಾರುಗಳಲ್ಲಿ ರೆಸಿಸ್ಟರ್ ಬದಲು ಎಲೆಕ್ಟ್ರಾನಿಕ್ ಕಂಟ್ರೋಲರ್ ಬಂದಿರೋದು ನಿಜ. ಆದರೆ ಸ್ಕ್ಯಾನರ್ ಹೇಳೋದು "ಬ್ಲೋವರ್ ಸರ್ಕ್ಯೂಟ್‌ನಲ್ಲಿ ತೊಂದರೆ" ಅಂತ, ಯಾವ ಪಿನ್ ಅಂತ ಅಲ್ಲ. ಎಲೆಕ್ಟ್ರಿಕ್ ಕಾರಿನಲ್ಲೂ ದೀಪ, ವೈಪರ್, ಬ್ಲೋವರ್‌ಗೆ 12 ವೋಲ್ಟ್ ವ್ಯವಸ್ಥೆ ಸಾಮಾನ್ಯವಾಗಿ ಹಾಗೇ ಉಳಿದಿದೆ. ಚಾರ್ಜಿಂಗ್ ಪ್ಲಗ್ಗಿನ ಪಿನ್ ಸಡಿಲವಾದರೆ ಆಗೋದೂ ಅದೇ: ಕರೆಂಟಿನ ವರ್ಗ ಗುಣಿಸು ರೋಧ. ಹತ್ತು ಆಂಪಿಯರಿನಲ್ಲಿ ಪ್ಲಾಸ್ಟಿಕ್ ಕರಗಿಸೋ ಕಾಂಟ್ಯಾಕ್ಟ್ ನೂರು ಆಂಪಿಯರಿನಲ್ಲಿ ಏನು ಮಾಡುತ್ತೆ ಅಂತ ನೀವೇ ಲೆಕ್ಕ ಹಾಕಿ.

ನಾಲ್ಕನೇದು: ನಾನು ಸಿ.ಎಸ್., ನನಗೆ ವೈರ್ ಯಾಕೆ? ಬ್ಯಾಟರಿಯಿಂದ ಅರ್ತ್‌ವರೆಗಿನ ದಾರಿಯಲ್ಲಿ ಮಧ್ಯದ ಒಂದು ಬಿಂದುವಿನಲ್ಲಿ ಅಳೆದು, ದೋಷ ಈ ಅರ್ಧದಲ್ಲೋ ಆ ಅರ್ಧದಲ್ಲೋ ಅಂತ ತಿಳಿದು, ಮತ್ತೆ ಆ ಅರ್ಧವನ್ನ ಅರ್ಧ ಮಾಡೋದಕ್ಕೆ ನಿಮ್ಮ ಕ್ಲಾಸಿನಲ್ಲಿ ಬೈನರಿ ಸರ್ಚ್ ಅಂತಾರೆ. ಗೊತ್ತಾಗದೆ ಹತ್ತು ಲೈನ್ ಬದಲಿಸಿ "ಈಗ ರನ್ ಆಗ್ತಿದೆ, ಮುಟ್ಟಬೇಡ" ಅನ್ನೋದಕ್ಕೂ, ಗೊತ್ತಾಗದೆ ಮೋಟರ್ ಬದಲಿಸೋದಕ್ಕೂ ಏನು ವ್ಯತ್ಯಾಸ?

ನಮ್ಮ ಲ್ಯಾಬಿನಲ್ಲಿ ಏನೂ ಕೆಡೋದೇ ಇಲ್ಲ

ಈಗ ಅಸಲಿ ವಿಷಯಕ್ಕೆ ಬರ್ತೀನಿ. ನಮ್ಮ ಲ್ಯಾಬ್ ಹೇಗೆ ನಡೆಯುತ್ತೆ ಅಂತ ನಿಮಗೆ ಗೊತ್ತು. ಮ್ಯಾನ್ಯುಯಲ್‌ನಲ್ಲಿ ಉದ್ದೇಶ, ಉಪಕರಣ, ಸರ್ಕ್ಯೂಟ್, ಟೇಬಲ್, ಫಲಿತಾಂಶ ಎಲ್ಲ ಮೊದಲೇ ಇರುತ್ತೆ. ರೀಡಿಂಗ್ ಎಷ್ಟು ಬರಬೇಕು ಅಂತ ಸೀನಿಯರ್ ರೆಕಾರ್ಡ್ ನೋಡಿದರೆ ಗೊತ್ತಾಗುತ್ತೆ. ಬರದಿದ್ದರೆ ಅಟೆಂಡರ್ ಅಣ್ಣ ಬಂದು ವೈರ್ ಅಲ್ಲಾಡಿಸ್ತಾರೆ, ಬರುತ್ತೆ. ಆ ಅಲ್ಲಾಡಿಸಿದ ಕ್ಷಣದಲ್ಲೇ ನಿಜವಾದ ಪಾಠ ಇತ್ತು. ಯಾವ ವೈರ್, ಯಾಕೆ, ಹೇಗೆ ಗೊತ್ತಾಯ್ತು? ನಾವು ಕೇಳಲ್ಲ, ಯಾಕಂದರೆ ಅದಕ್ಕೆ ಮಾರ್ಕ್ಸ್ ಇಲ್ಲ.

ಹೊರಗಿನ ಪ್ರಪಂಚದಲ್ಲಿ ಎಂಜಿನಿಯರನ್ನ ಕರೆಯೋದು ಕೆಟ್ಟಾಗ. ಸರಿ ಇರೋ ಸರ್ಕ್ಯೂಟಿನ ಮುಂದೆ ನಮ್ಮನ್ನ ಯಾರೂ ಕೂರಿಸಲ್ಲ. ಹಾಗಿರುವಾಗ ನಾಲ್ಕು ವರ್ಷ ಬರೀ ಆರೋಗ್ಯವಂತರನ್ನ ತೋರಿಸಿ ಡಾಕ್ಟರ್ ಮಾಡಿದ ಹಾಗಿದೆ ನಮ್ಮ ತರಬೇತಿ.

ಆದ್ದರಿಂದ ವಿಭಾಗಕ್ಕೆ ನನ್ನ ಬೇಡಿಕೆ ದೊಡ್ಡದಲ್ಲ. ಮೊದಲ ವರ್ಷದ ಎಲೆಕ್ಟ್ರಿಕಲ್ ಲ್ಯಾಬಿನಲ್ಲಿ ಒಂದು ದಿನ, ಒಂದೇ ದಿನ, ಕೆಟ್ಟ ಸರ್ಕ್ಯೂಟಿಗೆ ಕೊಡಿ. ಗುಜರಿಯಲ್ಲಿ ಹಳೇ ಕಾರಿನ ಬ್ಲೋವರ್, ರೆಸಿಸ್ಟರ್ ಪ್ಯಾಕ್, ಸ್ವಿಚ್, ಸಾಕೆಟ್ ಸಮೇತ ಸಿಗುತ್ತೆ. ಒಂದು ಹಲಗೆಗೆ ಮೊಳೆ ಹೊಡೆದು, ಫ್ಯೂಸ್ ಹಾಕಿದ 12 ವೋಲ್ಟ್ ಬ್ಯಾಟರಿಗೆ ಜೋಡಿಸಿ. ಫ್ಯಾನಿಗೆ ಜಾಲರಿ ಇರಲಿ, ಬೆರಳು ಮುಖ್ಯ. ಒಂದು ಹಲಗೆಯಲ್ಲಿ ಥರ್ಮಲ್ ಫ್ಯೂಸ್ ತುಂಡು, ಇನ್ನೊಂದರಲ್ಲಿ ಅರ್ತ್ ಸಡಿಲ, ಮತ್ತೊಂದರಲ್ಲಿ ಎರಡನೇ ಸ್ಪೀಡಿನ ಪಿನ್ ಒಳಗೆ ಜಾರಿದೆ. ವಿದ್ಯಾರ್ಥಿಗೆ ಒಂದು ಮೀಟರ್, ಒಂದು ಸರ್ಕ್ಯೂಟ್ ನಕ್ಷೆ, ಒಂದು ಗಂಟೆ.

ನಿಯಮ ಎರಡು. ಪ್ರತಿ ಅಳತೆಗೂ ಮುಂಚೆ ಎಷ್ಟು ಬರಬೇಕು ಅಂತ ಬರೆಯಬೇಕು, ಆಮೇಲೆ ಪ್ರೋಬ್ ಇಡಬೇಕು. ಮಾರ್ಕ್ಸ್ ಇರೋದು ಫ್ಯಾನ್ ತಿರುಗಿಸಿದ್ದಕ್ಕೆ ಅಲ್ಲ, ಬರೆದ ತರ್ಕಕ್ಕೆ. ದೋಷ ಸಿಗದಿದ್ದರೂ ಯಾವುದು ದೋಷ ಅಲ್ಲ ಅಂತ ಸರಿಯಾಗಿ ಸಾಬೀತು ಮಾಡಿದವನಿಗೆ ಮಾರ್ಕ್ಸ್ ಸಿಗಲಿ. ವೈರ್ ಅಲ್ಲಾಡಿಸಿ ಫ್ಯಾನ್ ಓಡಿಸಿದವನಿಗೆ ಸೊನ್ನೆ.

ವಿಭಾಗ ಒಪ್ಪೋವರೆಗೆ ಕಾಯಬೇಕಾಗಿಯೂ ಇಲ್ಲ. ಮನೆಯಲ್ಲಿ ಹಳೇ ಕಾರಿದ್ದವರು ರಜೆಗೆ ಹೋದಾಗ ಮೊದಲು ನಾಲ್ಕೂ ಸ್ಪೀಡ್ ತಿರುಗಿಸಿ ಕೇಳಿ. ಸರ್ಕ್ಯೂಟ್ ನಕ್ಷೆ ಹುಡುಕಿ, ಸ್ವಿಚ್ ಪ್ಲಸ್ ಕಡೆ ಇದೆಯೋ ಅರ್ತ್ ಕಡೆ ಇದೆಯೋ ನೋಡಿ. ಅರ್ತ್ ಕಡೆ ಸ್ವಿಚ್ ಇದ್ದರೆ, ಸ್ವಿಚ್ ಆಫ್ ಇದ್ದಾಗ ಮೋಟರಿನ ಎರಡೂ ವೈರಿನಲ್ಲಿ 12 ವೋಲ್ಟ್ ಕಾಣುತ್ತೆ. ಅದು ಶಾರ್ಟ್ ಅಲ್ಲ, ಗಾಬರಿ ಬೇಡ. ಸಾಕೆಟ್ ಬಿಚ್ಚೋ ಮುಂಚೆ ಬ್ಯಾಟರಿ ಮೈನಸ್ ತೆಗೆಯಿರಿ. ಹಳದಿ ಸಾಕೆಟ್ ಕಂಡರೆ ಏರ್‌ಬ್ಯಾಗ್ ಇರಬಹುದು, ಅದರ ಸಹವಾಸ ಬೇಡ. ಮೀಟರಿನ 10 ಆಂಪಿಯರ್ ಸಾಕೆಟ್ ಮೂಲಕ ಬ್ಲೋವರ್ ಓಡಿಸೋ ಸಾಹಸ ಬೇಡ. ಡಿ.ಸಿ. ಅಳೆಯೋ ಕ್ಲ್ಯಾಂಪ್ ಯಾರ ಹತ್ತಿರ ಇದೆ ಅಂತ ಕೇಳಿ ತನ್ನಿ. ಎ.ಸಿ. ಮಾತ್ರ ಅಳೆಯೋ ಕ್ಲ್ಯಾಂಪ್ ಇಲ್ಲಿ ಸೊನ್ನೆ ತೋರಿಸುತ್ತೆ.

ನಮ್ಮ ಕನ್ನಡ ಬಳಗದ ಕಡೆಯಿಂದ ಒಂದು ಕೆಲಸ ಮಾಡಬಹುದು ಅನ್ಸುತ್ತೆ. ಮುಂದಿನ ಸೆಮಿಸ್ಟರಿನಲ್ಲಿ ಒಂದು ಶನಿವಾರ ಮಧ್ಯಾಹ್ನ, ಇಂಥ ಮೂರು ಹಲಗೆ, ಹತ್ತು ಮೀಟರ್, ಮತ್ತು ಊರಿನ ಒಬ್ಬ ಅನುಭವಿ ಆಟೋ ಎಲೆಕ್ಟ್ರಿಷಿಯನ್. ಅವರು ಬಲ್ಬ್ ಹಿಡಿದು ಹುಡುಕಲಿ, ನಾವು ಮೀಟರ್ ಹಿಡಿದು ಹುಡುಕೋಣ. ಅವರು ಯಾಕೆ ಹಾಗೆ ಮಾಡಿದರು ಅಂತ ನಾವು ಸಮೀಕರಣದಲ್ಲಿ ಬರೆಯೋಣ, ನಮ್ಮ ಸಮೀಕರಣ ಎಲ್ಲಿ ಕೈಕೊಡುತ್ತೆ ಅಂತ ಅವರು ತೋರಿಸಲಿ. ಬಂದವರಿಗೆ ಇರೋ ಷರತ್ತು ಒಂದೇ: ಆ ಮಧ್ಯಾಹ್ನ ಯಾರೂ "ಶಾರ್ಟ್ ಆಗಿದೆ" ಅನ್ನಬಾರದು. ತುಂಡೋ, ತಾಗಿದೆಯೋ, ಸಡಿಲವೋ, ಅಳೆದು ಹೇಳಬೇಕು.